ಮೆಣಸಿನಕಾಯಿ ಗಿಡದಲ್ಲೇ ಹಣ್ಣಾಗಬೇಕೆ? ಕುಂಡದಲ್ಲಿ ಬೆಳೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

"ಗಿಡದ ತುಂಬ ಕಾಯಿ ಬಿಟ್ಟಿದೆ. ತಿಂಗಳಾಗುತ್ತ ಬಂತು, ಒಂದೂ ಕೆಂಪಾಗಿಲ್ಲ. ಏನು ಗೊಬ್ಬರ ಹಾಕಲಿ?" ತಾರಸಿಯಲ್ಲಿ, ಹಿತ್ತಲಲ್ಲಿ ಮೆಣಸಿನ ಗಿಡ ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೆಚ್ಚಿನ ಸಲ ಉತ್ತರವೂ ಒಂದೇ: ಏನನ್ನೂ ಹಾಕಬೇಡಿ, ಇನ್ನು ಮೂರು ವಾರ ತಾಳಿ. ಗಿಡ ಸರಿಯಾಗಿಯೇ ಇರುತ್ತದೆ, ನಮ್ಮ ದಿನದ ಲೆಕ್ಕ ತಪ್ಪಿರುತ್ತದೆ. ಆ ಮೂರು ವಾರಗಳಲ್ಲಿ ಗಾಬರಿಯಿಂದ ಸುರಿದ ಗೊಬ್ಬರ, ಹೆಚ್ಚಾಗಿ ಹಾಕಿದ ನೀರು, ಬಿಸಿಲು ಬೀಳಲಿ ಎಂದು ಕಿತ್ತ ಎಲೆ, ಇವುಗಳಿಂದಲೇ ಎಷ್ಟೋ ಗಿಡಗಳು ಕೆಡುತ್ತವೆ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಕಾಯಿ ಬಲಿಯುವುದು ಬೇರೆ, ಹಣ್ಣಾಗುವುದು ಬೇರೆ. ಹೂವಿನ ಬುಡದಲ್ಲಿ ಕಾಣುವ ಗುಂಡುಸೂಜಿಯ ತಲೆಯಷ್ಟು ಹಸಿರು ಉಂಡೆ ಹೀಚು. ಅದು ಉದ್ದವಾಗುತ್ತ ಮೆತ್ತಗಿರುವಾಗ ಎಳೆಗಾಯಿ. ಉದ್ದ, ದಪ್ಪ ಎರಡೂ ಪೂರ್ತಿಯಾಗಿ, ಸಿಪ್ಪೆ ಬಿಗಿದು ಹೊಳೆಯುವಾಗ ಬಲಿತ ಕಾಯಿ. ಬಣ್ಣ ತಿರುಗಲು ಶುರುವಾದದ್ದು ದೋರೆಗಾಯಿ. ತೊಟ್ಟಿನವರೆಗೂ ಬಣ್ಣ ಏರಿದ ಮೇಲೆ ಹಣ್ಣು. ಬೆಳೆದು ದೊಡ್ಡದಾಗುವುದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಯಾರಿಗೂ ಬೇಸರ ಬರುವುದಿಲ್ಲ. ಬಲಿತ ಕಾಯಿ ದೋರೆಗಾಯಿ ಆಗುವವರೆಗೆ ಮಾತ್ರ ಹೊರಗೆ ಏನೂ ನಡೆದಂತೆ ಕಾಣದು. ಒಳಗೆ ಬೀಜ ಗಟ್ಟಿಯಾಗುತ್ತಿರುತ್ತದೆ. ತಾಳ್ಮೆ ಬೇಕಾಗುವುದು ಇಲ್ಲಿ.

ಈ ಲೇಖನದ ಲೆಕ್ಕವೆಲ್ಲ ಬ್ಯಾಡಗಿ ತಳಿಯನ್ನು ಮುಂದಿಟ್ಟುಕೊಂಡದ್ದು, ಏಕೆಂದರೆ ನಮ್ಮಲ್ಲಿ ಕೆಂಪಿಗಾಗಿಯೇ ಬೆಳೆಯುವ ಕಾಯಿ ಅದು. ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರು ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಗಾಢ, ಒಣಗಿದಾಗ ಸಿಪ್ಪೆ ಸುಕ್ಕು ಸುಕ್ಕು. ಉದ್ದ ತೆಳ್ಳಗಿನದು ಕಡ್ಡಿ, ಗಿಡ್ಡ ದಪ್ಪನೆಯದು ಡಬ್ಬಿ. ಬೇರೆ ತಳಿಗಳಿಗೆ ದಿನಗಳು ಹೇಗೆ ಬದಲಾಗುತ್ತವೆ ಎಂಬುದು ಮೊದಲ ಹಂತದಲ್ಲಿದೆ.

ಬೇಕಾಗುವ ಸಾಮಾನು

ಒಂದು ಗಿಡಕ್ಕೆ 12 ಇಂಚಿನ ಒಂದು ಕುಂಡ ಅಥವಾ ಗ್ರೋಬ್ಯಾಗ್, ಅಂದರೆ 12ರಿಂದ 15 ಲೀಟರ್ ಮಣ್ಣು ಹಿಡಿಯುವಂಥದ್ದು. ತಳದಲ್ಲಿ ನಾಲ್ಕೈದು ತೂತು ಇರಲೇಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಆಸರೆಗೆ ಎರಡೂವರೆ ಅಡಿಯ ಕೋಲು, ಬುಡಕ್ಕೆ ಹೊದಿಸಲು ಒಣ ಎಲೆ ಅಥವಾ ಕಬ್ಬಿನ ರವದಿ. ಇದರ ಜೊತೆಗೆ ಹೆಚ್ಚಿನವರು ಮರೆಯುವ ವಸ್ತು ಒಂದಿದೆ, ಬಣ್ಣದ ದಾರದ ಉಂಡೆ. ಅದರ ಉಪಯೋಗ ಮೂರನೇ ಹಂತದಲ್ಲಿ ಬರುತ್ತದೆ.

ಹಂತ 1: ತಳಿ ಮತ್ತು ಕಾಲ ನೋಡಿ ಶುರುಮಾಡಿ

ಕೆಂಪು ಬೇಗ ಬರುತ್ತದೋ ತಡವೋ ಎಂಬುದರಲ್ಲಿ ಅರ್ಧ ಭಾಗ ಬೀಜದಲ್ಲೇ ತೀರ್ಮಾನವಾಗಿರುತ್ತದೆ. ತೆಳು ಸಿಪ್ಪೆಯ ಸಣ್ಣ ಕಾಯಿಗಳು ಬೇಗ, ದಪ್ಪ ತಿರುಳಿನ ದೊಡ್ಡ ಕಾಯಿಗಳು ನಿಧಾನ.

ಹೂ ಅರಳಿದ ದಿನದಿಂದ ಪೂರ್ತಿ ಕೆಂಪಾಗುವವರೆಗೆ, ಒಳ್ಳೆಯ ಬಿಸಿಲಿರುವ ಜಾಗದಲ್ಲಿ, ಅಂದಾಜು ಹೀಗೆ ಹಿಡಿಯಿರಿ: ಪೂಸಾ ಜ್ವಾಲಾದಂಥ ತೆಳ್ಳನೆಯ ಕಾಯಿಗೆ 45ರಿಂದ 55 ದಿನ. ಬ್ಯಾಡಗಿಗೆ 50ರಿಂದ 60. ಬಜ್ಜಿ ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿಗಳಿಗೆ 60ರಿಂದ 75. ಭೂತ್ ಜೋಲೋಕಿಯಾದಂಥ ಈಶಾನ್ಯದ ಖಾರದ ತಳಿಗಳಿಗೂ ಅಷ್ಟೇ ದಿನ ಬೇಕು, ಮೇಲಾಗಿ ಅವುಗಳ ಬೀಜ ಮೊಳೆಯಲೇ ಮೂರು ನಾಲ್ಕು ವಾರ ಹಿಡಿಯಬಹುದು. ಮಲೆನಾಡಿನ ಸೂಜಿಮೆಣಸಿನ ಕಾಯಿ ಪುಟ್ಟದು, ಆದರೆ ಗಿಡ ಹೂವಿಗೆ ಬರುವುದೇ ತಡ. ಒಮ್ಮೆ ಶುರುವಾದರೆ ಎರಡು ಮೂರು ವರ್ಷ ಕಾಯಿ ಕೊಡುತ್ತದೆ.

ಕಾಲದ ವಿಷಯದಲ್ಲಿ ಉತ್ತರ ಕರ್ನಾಟಕದ ರೈತರ ಕ್ರಮವನ್ನೇ ನೀವೂ ಅನುಸರಿಸಿದರೆ ಲೇಸು. ಅಲ್ಲಿ ಮುಂಗಾರಿನ ಜೂನ್–ಜುಲೈನಲ್ಲಿ ಬೀಜ ಬಿದ್ದು, ಮಳೆ ಹಿಂದೆ ಸರಿದ ಮೇಲೆ ಕಾಯಿ ಕಟ್ಟಿ, ಡಿಸೆಂಬರಿನಿಂದ ಕೆಂಪು ಹಣ್ಣಿನ ಬಿಡಿಸುವಿಕೆ ಶುರುವಾಗುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ತಂಪು, ಮಳೆಯಿಲ್ಲ: ಹಣ್ಣಾಗಲು ಇದಕ್ಕಿಂತ ಒಳ್ಳೆಯ ಹವೆ ಇಲ್ಲ. ಕುಂಡದವರು ಸೆಪ್ಟೆಂಬರ್–ಅಕ್ಟೋಬರಿನಲ್ಲೂ ಬಿತ್ತಬಹುದು, ಫೆಬ್ರುವರಿ–ಮಾರ್ಚಿಗೆ ಕೆಂಪು ಸಿಗುತ್ತದೆ. ಜನವರಿಯಲ್ಲಿ ಬಿತ್ತಿದರೆ ಹೂವಿನ ಕಾಲ ಏಪ್ರಿಲ್ ಬಿಸಿಲಿಗೆ ಸಿಕ್ಕಿ ಹೂ ಉದುರುತ್ತದೆ. ಕರಾವಳಿಯವರು, ಮಲೆನಾಡಿನವರು ಮಳೆಗಾಲದ ನಡುವೆ ಕಾಯಿ ಹಣ್ಣಾಗುವ ಹಾಗೆ ಬಿತ್ತಲೇಬೇಡಿ. ಬಣ್ಣ ತಿರುಗುವ ಮೊದಲೇ ಕಾಯಿ ಕೊಳೆಯುತ್ತದೆ.

ಹಂತ 2: ಬಿತ್ತನೆಯಿಂದ ಹೂವಿನವರೆಗೆ

ಇದು ಎಲ್ಲರಿಗೂ ಗೊತ್ತಿರುವ ಕೆಲಸ, ಬೇಗ ಮುಗಿಸೋಣ. ಬೀಜವನ್ನು ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹಾಕಬೇಡಿ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖವಿದ್ದರೆ 8ರಿಂದ 12 ದಿನಕ್ಕೆ ಮೊಳಕೆ ಕಾಣುತ್ತದೆ. 35ರಿಂದ 45 ದಿನದ, ಐದಾರು ಎಲೆಯ ಸಸಿಯನ್ನು ಸಂಜೆ ಹೊತ್ತು ಕುಂಡಕ್ಕೆ ಬದಲಿಸಿ. ಒಂದು ಕುಂಡಕ್ಕೆ ಒಂದೇ ಗಿಡ. ಎರಡು ನೆಟ್ಟರೆ ಎರಡೂ ಹಸಿರು ಕಾಯಿಯೇನೋ ಕೊಡುತ್ತವೆ, ಆದರೆ ಮಣ್ಣಿನ ಸತ್ವ ಹಂಚಿಹೋಗಿ ಹಣ್ಣು ಮಾಡಲು ತಡಮಾಡುತ್ತವೆ.

ಸಸಿ ಒಂದು ಗೇಣು ಎತ್ತರವಾದಾಗ ತುದಿಯ ಕುಡಿಯನ್ನು ಒಮ್ಮೆ ಚಿವುಟಬಹುದು, ಕವಲು ಹೆಚ್ಚುತ್ತದೆ. ಆದರೆ ಹೂ ಎರಡು ವಾರದಷ್ಟು ಹಿಂದೆ ಬೀಳುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ. ಗಿಡ ಚಿಕ್ಕದಿರುವಾಗಲೇ ಬಂದ ಮೊದಲ ನಾಲ್ಕೈದು ಹೂಗಳನ್ನು ಕಿತ್ತುಬಿಡಿ. ಮನಸ್ಸು ಬಾರದು, ಆದರೂ ಕೀಳಿ. ಬೇರು ಮತ್ತು ಕೊಂಬೆ ಗಟ್ಟಿಯಾಗದೆ ಕಾಯಿ ಹೊತ್ತ ಗಿಡ ಅಲ್ಲಿಗೇ ಕುಗ್ಗುತ್ತದೆ.

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಈಗಲೇ ಆರಿಸಿಕೊಳ್ಳಿ. ನಾಲ್ಕು ಗಂಟೆಯ ಬಿಸಿಲಿನ ಬಾಲ್ಕನಿಯಲ್ಲೂ ಹಸಿ ಕಾಯಿ ಸಿಗುತ್ತದೆ, ಕೆಂಪಿಗೆ ಮಾತ್ರ ಹೇಳಿದ ದಿನಗಳ ಮೇಲೆ ಇನ್ನೂ ಎರಡು ಮೂರು ವಾರ ಸೇರಿಸಿಕೊಳ್ಳಬೇಕಾಗುತ್ತದೆ.

ಹಂತ 3: ಹೂ ಉದುರದಂತೆ ನೋಡಿಕೊಳ್ಳಿ, ದಾರ ಕಟ್ಟಿ

ನಾಟಿ ಮಾಡಿದ 40ರಿಂದ 50 ದಿನಕ್ಕೆ ಹೂ ಬರುತ್ತದೆ. ಮೆಣಸಿನ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಒಟ್ಟಿಗೇ ಇರುವುದರಿಂದ ಒಂದೇ ಗಿಡ ಇದ್ದರೂ ಕಾಯಿ ಕಟ್ಟುತ್ತದೆ. ಗಾಳಿಯಾಡದ ಬಾಲ್ಕನಿಯಾದರೆ ಬೆಳಗ್ಗೆ 8ರಿಂದ 11ರ ಒಳಗೆ ಕೊಂಬೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಪರಾಗ ಉದುರಲು ಅಷ್ಟು ಸಾಕು.

ಹೂ ತೊಟ್ಟಿನ ಸಮೇತ ಉದುರುತ್ತಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಹಗಲಿನ ಶಾಖ 35 ಡಿಗ್ರಿ ಮೀರಿರಬೇಕು. ಅಥವಾ ಮಣ್ಣು ಒಮ್ಮೆ ಬಿರುಕು ಬಿಟ್ಟು ಒಮ್ಮೆ ಕೆಸರಾಗುತ್ತಿರಬೇಕು. ಅಥವಾ ಸಾರಜನಕ ಅತಿಯಾಗಿರಬೇಕು. ಎಲೆಯನ್ನು ದಟ್ಟ ಹಸಿರಾಗಿ, ದೊಡ್ಡದಾಗಿ ಬೆಳೆಸುವ ಪೋಷಕಾಂಶ ಸಾರಜನಕ. ಯೂರಿಯಾ, ಶೇಂಗಾ ಹಿಂಡಿ, ಹಸಿ ಸಗಣಿ ನೀರು, ಇವುಗಳಲ್ಲಿ ಅದು ಹೆಚ್ಚು. ಎಲೆ ನೋಡಲು ಸೊಂಪಾಗಿದ್ದು ಹೂ ನಿಲ್ಲದಿದ್ದರೆ ಇವನ್ನು ಒಂದು ತಿಂಗಳು ನಿಲ್ಲಿಸಿ.

ಇನ್ನು ದಾರದ ಕೆಲಸ. ಹೀಚು ಕಂಡ ದಿನ, ಗಿಡದ ಬೇರೆ ಬೇರೆ ಕಡೆಯ ಮೂರು ಹೀಚುಗಳ ಪಕ್ಕದ ಕೊಂಬೆಗೆ ಸಡಿಲವಾಗಿ ಬಣ್ಣದ ದಾರ ಕಟ್ಟಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನ ಗುರುತು ಹಾಕಿ. ಎರಡು ವಾರ ಬಿಟ್ಟು ಇನ್ನೊಂದು ಬಣ್ಣದ ದಾರದಿಂದ ಮತ್ತೆ ಮೂರು. "ತಿಂಗಳುಗಟ್ಟಲೆ ಕಾಯುತ್ತಿದ್ದೇನೆ" ಅನ್ನುವವರ ಕಾಯಿಗೆ ನಿಜವಾಗಿ ಎಷ್ಟು ದಿನ ಆಗಿದೆ ಎಂದು ಲೆಕ್ಕ ಹಾಕಿದರೆ ಸಾಮಾನ್ಯವಾಗಿ 30, 35 ಅಷ್ಟೇ. ಮೆಣಸಿನ ಗಿಡ ಒಂದೇ ದಿನ ಹೂ ಬಿಡುವುದಿಲ್ಲ. ಇಂದು ನೋಡಿದ ಕಾಯಿ ಮೊನ್ನೆ ನೋಡಿದ್ದೇ ಎಂಬ ಭ್ರಮೆ ದಾರವಿಲ್ಲದೆ ಹೋಗದು.

ಹಂತ 4: ಯಾವ ಗಿಡ ಹಸಿರಿಗೆ, ಯಾವುದು ಕೆಂಪಿಗೆ ಎಂದು ನಿರ್ಧರಿಸಿ

ಹಸಿ ಕಾಯಿ ಕೀಳುತ್ತ ಹೋದಷ್ಟೂ ಗಿಡ ಹೊಸ ಹೂ ಬಿಡುತ್ತದೆ. ಕಾಯಿ ಹಣ್ಣಾಗಲು ಬಿಟ್ಟರೆ ಸಿಹಿ, ಬಣ್ಣ, ಬೀಜ ತುಂಬಲು ಗಿಡದ ಶಕ್ತಿ ಅತ್ತ ಹರಿದು ಹೊಸ ಹೂ ಕಡಿಮೆಯಾಗುತ್ತದೆ. ಎರಡನ್ನೂ ಒಂದೇ ಗಿಡದಲ್ಲಿ ಬಯಸುವವರಿಗೆ ಎರಡೂ ಅರೆಬರೆ ಸಿಗುತ್ತದೆ.

ಆದ್ದರಿಂದ ನಾಲ್ಕು ಗಿಡ ಇದ್ದರೆ ಎರಡನ್ನು ದಿನದ ಒಗ್ಗರಣೆಗೆ ಮೀಸಲಿಡಿ, ಇನ್ನೆರಡನ್ನು ಮುಟ್ಟಬೇಡಿ. ಇರುವುದು ಒಂದೇ ಗಿಡವಾದರೆ ಕೆಳಗಿನ ಕವಲುಗಳ ಕಾಯಿ ಕೆಂಪಿಗೆ, ಮೇಲಿನದು ಹಸಿರಿಗೆ. ಕೆಳಗಿನವು ಮೊದಲು ಕಟ್ಟಿದವು, ಅವೇ ಮೊದಲು ಹಣ್ಣಾಗುತ್ತವೆ. ಮನೆಯವರಿಗೆಲ್ಲ ಇದನ್ನು ಹೇಳಿಡಿ, ಸಾರಿಗೆ ಅವಸರದಲ್ಲಿ ಕಿತ್ತ ಕಾಯಿ ದಾರ ಕಟ್ಟಿದ್ದೇ ಆಗಿರುವುದುಂಟು.

12 ಇಂಚಿನ ಕುಂಡದ ಬ್ಯಾಡಗಿ ಗಿಡದ ಮೇಲೆ ಒಂದೇ ಸಲಕ್ಕೆ 20–25 ಕಾಯಿಗಿಂತ ಹೆಚ್ಚು ಹಣ್ಣಿಗೆ ಬಿಡಬೇಡಿ. 50 ಕಾಯಿ ತೂಗುತ್ತಿದ್ದರೆ ನೋಡಲು ಚೆಂದ, ಆದರೆ ಅವೆಲ್ಲ ಹಸಿರಾಗಿಯೇ ವಾರಗಟ್ಟಲೆ ನಿಲ್ಲುತ್ತವೆ. ಸೊಟ್ಟದ್ದು, ಚುಕ್ಕೆ ಬಿದ್ದದ್ದು, ಒತ್ತೊತ್ತಾಗಿ ಇರುವುದನ್ನು ಮೊದಲು ಅಡುಗೆಗೆ ಕಿತ್ತುಕೊಳ್ಳಿ. ಉಳಿದವಕ್ಕೆ ಕೋಲಿನ ಆಸರೆ ಕೊಡಿ, ಕಾಯಿಭಾರಕ್ಕೆ ಕವಲು ಸೀಳಿದರೆ ಮತ್ತೆ ಕೂಡದು.

ಹಂತ 5: ಹಸಿರಾಗಿಯೇ ನಿಂತ ವಾರಗಳು

ದಾರ ಕಟ್ಟಿದ ಕಾಯಿ 30–35 ದಿನಕ್ಕೆ ಪೂರ್ತಿ ಉದ್ದ ಬಂದಿರುತ್ತದೆ. ಅಲ್ಲಿಂದ ಮುಂದೆ ಎರಡು ವಾರ, ಕೆಲವೊಮ್ಮೆ ನಾಲ್ಕು ವಾರ, ಏನೂ ಕಾಣುವುದಿಲ್ಲ. ಈ ಅವಧಿಯಲ್ಲಿ ಕಾಯಿಯ ಒಳಗೆ ಬೀಜ ಬಲಿಯುತ್ತದೆ. ಬೀಜವನ್ನು ಹಿಡಿದಿರುವ ಒಳಗಿನ ಬಿಳಿ ತಿರುಳಿನಲ್ಲಿ ಖಾರ ತುಂಬುತ್ತದೆ. ಆ ಖಾರದ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಹೂ ಬಿಟ್ಟ 40–50 ದಿನದ ಹೊತ್ತಿಗೆ ಖಾರ ತನ್ನ ಗರಿಷ್ಠ ಮಟ್ಟಕ್ಕೆ ಬಂದಿರುತ್ತದೆ. ಕೆಂಪಾದಾಗ ಹೊಸದಾಗಿ ಬರುವುದು ಸಿಹಿ, ಪರಿಮಳ ಮತ್ತು ಬಣ್ಣ. ಬೀಜ ಬಲಿತ ಮೇಲೆ ಸಿಪ್ಪೆಯ ಹಸಿರು, ಅಂದರೆ ಪತ್ರಹರಿತ್ತು, ಕರಗತೊಡಗಿ ಅದರ ಜಾಗದಲ್ಲಿ ಕ್ಯಾಪ್ಸಾಂಥಿನ್ ಎಂಬ ಕೆಂಪು ಬಣ್ಣ ಕಟ್ಟುತ್ತದೆ. ಬ್ಯಾಡಗಿಯ ಬೆಲೆಯೆಲ್ಲ ಈ ಬಣ್ಣದ್ದೇ.

ಕಾಯಿ ಎಲ್ಲಿಗೆ ಬಂದಿದೆ ಎಂದು ತಿಳಿಯಲು ಒಂದು ನಂಬಿಕೆಯ ಪರೀಕ್ಷೆ ಇದೆ. ದಾರ ಕಟ್ಟಿದ ಮೂರರಲ್ಲಿ ಒಂದನ್ನು ಕಿತ್ತು ಉದ್ದಕ್ಕೆ ಸೀಳಿ. ಬೀಜ ಅಚ್ಚ ಬಿಳಿಯಾಗಿ, ಉಗುರಿಗೆ ಮೆತ್ತಗೆ ಹಿಸುಕಿದರೆ ಇನ್ನೂ ಎರಡು ಮೂರು ವಾರ ಇದೆ. ಬೀಜ ನಸು ಹಳದಿಗೆ ತಿರುಗಿ, ಹಲ್ಲಿಗೆ ಗಟ್ಟಿ ಸಿಕ್ಕಿದರೆ ವಾರ ಹತ್ತು ದಿನದಲ್ಲಿ ಬಣ್ಣ ಕಾಣುತ್ತದೆ. ಕೊಯ್ದ ಕಾಯಿ ಅಡುಗೆಗೆ ಆಯಿತು, ಮನಸ್ಸಿಗೂ ಸಮಾಧಾನವಾಯಿತು.

ಈ ವಾರಗಳಲ್ಲಿ ಮಾಡಬೇಕಾದ್ದು ಕಡಿಮೆ, ಆದರೆ ಕರಾರುವಾಕ್ಕಾಗಿ ಮಾಡಬೇಕು.

ನೀರು. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಹಾಕಿದಾಗ ತಳದ ತೂತಿನಿಂದ ಸ್ವಲ್ಪ ಹೊರಬರುವಷ್ಟು ಹಾಕಿ. ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ, ಬಿರುಬಿಸಿಲಿನಲ್ಲಿ ದಿನಾ ಬೇಕಾಗಬಹುದು. ಕಾಯಿ ಪೂರ್ತಿ ಬಲಿತ ಮೇಲೆ ನೀರಿನ ನಡುವಿನ ಅಂತರವನ್ನು ಅರ್ಧ ದಿನ, ಒಂದು ದಿನ ಹಿಗ್ಗಿಸಿದರೆ ಹೊಸ ಚಿಗುರು ತಗ್ಗಿ ಹಣ್ಣಾಗುವುದು ಚುರುಕಾಗುತ್ತದೆ. ಆದರೆ ಎಲೆ ಜೋತುಬೀಳುವವರೆಗೆ ಬಾಯಾರಿಸುವುದು ಬೇಡ. ಬಾಡಿ, ಚೇತರಿಸಿ, ಮತ್ತೆ ಬಾಡುವ ಗಿಡದಲ್ಲಿ ಕಾಯಿಯ ತುದಿ ಕಂದುಗಟ್ಟಿ ಕುಳಿಬೀಳುತ್ತದೆ. ಅದು ಸುಣ್ಣಾಂಶ ಅಂದರೆ ಕ್ಯಾಲ್ಸಿಯಂ ಕಾಯಿಯ ತುದಿಗೆ ತಲುಪದೆ ಆಗುವ ತೊಂದರೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದನ್ನು ಹೊತ್ತೊಯ್ಯಲು ನೀರಿನ ಹರಿವು ಒಂದೇ ಸಮ ಇರಬೇಕು. ಮೊಟ್ಟೆ ಸಿಪ್ಪೆ ಹಾಕಿ ಇದು ಈ ವಾರ ಸರಿಹೋಗುತ್ತದೆಂದು ನಂಬಬೇಡಿ, ಸಿಪ್ಪೆ ಕರಗಲು ತಿಂಗಳುಗಳು ಬೇಕು. ಬುಡಕ್ಕೆ ಎರಡು ಇಂಚು ಒಣ ಎಲೆ ಹೊದಿಸಿದರೆ ತೇವ ಏರುಪೇರಾಗುವುದು ತಪ್ಪುತ್ತದೆ.

ಗೊಬ್ಬರ. ಹೂ ಬಂದ ಮೇಲೆ ಗಿಡಕ್ಕೆ ಬೇಕಾದದ್ದು ಪೊಟ್ಯಾಶ್. ಕಾಯಿ ತುಂಬಲು, ಬಣ್ಣ ಕಟ್ಟಲು ಸಹಾಯ ಮಾಡುವ ಪೋಷಕಾಂಶ ಇದು. ಅಂಗಡಿಯಲ್ಲಿ ಎಸ್‌ಒಪಿ (ಸಲ್ಫೇಟ್ ಆಫ್ ಪೊಟ್ಯಾಶ್) ಎಂದು ಕೇಳಿ, ಪೊಟ್ಟಣದ ಮೇಲೆ 0:0:50 ಎಂದಿರುತ್ತದೆ. ಒಂದು ಲೀಟರ್ ನೀರಿಗೆ 2 ಗ್ರಾಂ ಕರಗಿಸಿ, 15 ದಿನಕ್ಕೊಮ್ಮೆ ಗಿಡಕ್ಕೆ ಅರ್ಧ ಲೀಟರಿನಂತೆ, ಮಣ್ಣು ತೇವವಿರುವಾಗ ಹಾಕಿ. ಕಟ್ಟಿಗೆ ಒಲೆ ಇರುವ ಮನೆಯವರು ತಿಂಗಳಿಗೆ ಒಂದು ಸಣ್ಣ ಹಿಡಿ ಬೂದಿಯನ್ನು ಕುಂಡದ ಅಂಚಿಗೆ ಉದುರಿಸಿ ಮಣ್ಣಿಗೆ ಬೆರೆಸಿದರೂ ಆದೀತು. ಬೂದಿ ಮಣ್ಣಿನ ಕ್ಷಾರ ಹೆಚ್ಚಿಸುವುದರಿಂದ ಅದಕ್ಕಿಂತ ಜಾಸ್ತಿ ಬೇಡ. ಬಾಳೆಹಣ್ಣಿನ ಸಿಪ್ಪೆಯನ್ನು ಹಾಗೇ ಮಣ್ಣಿಗೆ ಹೂಳುವುದರಿಂದ ಇರುವೆ, ನೊಣ ಬರುತ್ತವೆ, ಗೊಬ್ಬರದ ಗುಂಡಿಗೆ ಹಾಕಿ. ಈ ಹಂತದಲ್ಲಿ ಯೂರಿಯಾವನ್ನಾಗಲಿ, ಹಿಂಡಿ ನೆನೆಸಿದ ನೀರನ್ನಾಗಲಿ ಹಾಕಿದರೆ ಗಿಡ ಮತ್ತೆ ಚಿಗುರುವ ಕೆಲಸಕ್ಕೆ ಹೊರಳುತ್ತದೆ, ಬಲಿತ ಕಾಯಿ ಹಸಿರಾಗಿಯೇ ಕೂರುತ್ತದೆ. ಕೆಂಪು ತಡವಾಗುವುದಕ್ಕೆ ನಮ್ಮ ಕೈಯಿಂದಲೇ ಆಗುವ ತಪ್ಪುಗಳಲ್ಲಿ ಇದು ಮೊದಲನೆಯದು.

ಶಾಖ. ಬಣ್ಣ ಕಟ್ಟಲು ಹಗಲು 20ರಿಂದ 28 ಡಿಗ್ರಿ ಹಿತ. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿಯುವ ಡಿಸೆಂಬರ್ ವಾರಗಳಲ್ಲಿ ಗಿಡ ಹೆಚ್ಚುಕಡಿಮೆ ನಿಂತಂತೆ ಇರುತ್ತದೆ, ಬಿಸಿಲೇರಿದ ಮೇಲೆ ಮತ್ತೆ ಮುಂದುವರಿಯುತ್ತದೆ. ಅಂಥ ಊರುಗಳಲ್ಲಿ ಕುಂಡವನ್ನು ಸಂಜೆ ಬಿಸಿಲುಂಡ ಗೋಡೆಯ ಪಕ್ಕ ಸರಿಸಿಡಿ, ರಾತ್ರಿ ಗೋಡೆಯ ಬಿಸಿ ಗಿಡಕ್ಕೆ ಸಿಗುತ್ತದೆ. 35 ಡಿಗ್ರಿ ಮೀರಿದರೆ ತೊಂದರೆ ಬೇರೆ ರೀತಿಯದು: ಕೆಂಪು ಮಂಕಾಗಿ, ಕಿತ್ತಳೆಯ ಛಾಯೆಯಲ್ಲೇ ನಿಲ್ಲುತ್ತದೆ. ಮಧ್ಯಾಹ್ನ 12ರಿಂದ 3ರವರೆಗೆ ತೆಳು ನೆರಳು ಬಟ್ಟೆ ಕಟ್ಟಿ.

ಎಲೆ ಕೀಳಬೇಡಿ. ಕಾಯಿಗೆ ಬಿಸಿಲು ತಾಗಿದರೆ ಕೆಂಪಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಿಸಿಲು ಬೇಕಾದದ್ದು ಎಲೆಗೆ, ಕಾಯಿಗಲ್ಲ. ನೆರಳು ತೆಗೆದ ಕಾಯಿಯ ಬಿಸಿಲಿನ ಬದಿ ಬೆಳ್ಳಗೆ ಕಾಗದದಂತಾಗಿ ಸುಡುತ್ತದೆ, ಆಮೇಲೆ ಅಲ್ಲಿಂದಲೇ ಬೂಷ್ಟು ಹತ್ತುತ್ತದೆ. ಹಳದಿಯಾಗಿ ತಾನೇ ಉದುರಲಿರುವ ಬುಡದ ಎಲೆ, ಮಣ್ಣು ಮುಟ್ಟುವ ಎಲೆಗಳನ್ನು ತೆಗೆದರೆ ಸಾಕು.

ಹಣ್ಣು ಮಾಡುವ ರಾಸಾಯನಿಕಗಳ ಬಗ್ಗೆಯೂ ಕೇಳುವವರಿದ್ದಾರೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದು ನಮ್ಮ ದೇಶದಲ್ಲಿ ನಿಷೇಧಿತ, ಮನೆಯಲ್ಲಿ ಅದರ ಹತ್ತಿರ ಹೋಗಲೇಬೇಡಿ. ಅಕ್ಕಿ ಡಬ್ಬದಲ್ಲಿ ಹುದುಗಿಸುವುದು ಮಾವಿಗೆ, ಬಾಳೆಗೆ ಸರಿ. ಅವು ಕಿತ್ತ ಮೇಲೂ ತಾವೇ ಮಾಗುವ ಜಾತಿ. ಪೂರ್ತಿ ಹಸಿರಿರುವಾಗ ಕಿತ್ತ ಮೆಣಸಿನಕಾಯಿ ಅಕ್ಕಿಯಲ್ಲಿ ಬಾಡುತ್ತದೆ, ಹಣ್ಣಾಗುವುದಿಲ್ಲ.

ಹಂತ 6: ಬಣ್ಣ ತಿರುಗತೊಡಗಿದಾಗ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಬಲಿತ ಕಾಯಿಯ ಮೇಲೆ ಕಪ್ಪು ಅಥವಾ ನೇರಳೆ ಛಾಯೆ ಹರಡಿ, ಮುಟ್ಟಿದರೆ ಗಟ್ಟಿಯಾಗಿ ನುಣುಪಾಗಿಯೇ ಇದ್ದರೆ ಅದು ರೋಗವಲ್ಲ. ಬಿಸಿಲು, ರಾತ್ರಿಯ ಚಳಿಗೆ ಕೆಲವು ತಳಿಗಳು ಹೀಗೆ ಬಣ್ಣ ಏರಿಸಿಕೊಳ್ಳುತ್ತವೆ. ಹಸಿರಿನ ಮೇಲೆ ಕೆಂಪು ಬರುವಾಗ ಕೆಲವು ದಿನ ಚಾಕೊಲೇಟ್ ಬಣ್ಣ ಕಾಣುವುದೂ ಸಹಜ. ಬಜ್ಜಿ ಮೆಣಸಿನಕಾಯಿ ತಿಳಿಹಳದಿಯಿಂದ ಕಿತ್ತಳೆಗೆ ಬಂದು ಆಮೇಲೆ ಕೆಂಪಾಗುತ್ತದೆ. ಸಿಪ್ಪೆಯ ಮೇಲೆ ಒಣಗಿದ ಗೀರುಗಳಂಥ ಸಣ್ಣ ಕಂದು ಗೆರೆಗಳು ಕಾಯಿ ವೇಗವಾಗಿ ಹಿಗ್ಗಿದ ಗುರುತು, ತಿನ್ನಲು ಅಡ್ಡಿಯಿಲ್ಲ.

ಹೆದರಬೇಕಾದದ್ದು ಕುಳಿಬಿದ್ದ, ಮೆತ್ತನೆಯ, ಸುತ್ತು ಸುತ್ತಾಗಿ ಉಂಗುರ ಕಾಣುವ ಕಲೆಗೆ. ಇದು ಕಾಯಿಕೊಳೆ ರೋಗ, ಶಿಲೀಂಧ್ರದಿಂದ ಬರುವಂಥದ್ದು. ಹಸಿರು ಕಾಯಿಯೊಳಗೆ ಸದ್ದಿಲ್ಲದೆ ಕೂತು ಹಣ್ಣಾಗುವ ಹೊತ್ತಿಗೆ ಸರಿಯಾಗಿ ಹೊರಬೀಳುತ್ತದೆ. ಅಂಥ ಕಾಯಿಯನ್ನು ಕಂಡ ಕೂಡಲೇ ಕಿತ್ತು ಮನೆಯ ಕಸಕ್ಕೆ ಹಾಕಿ, ಕುಂಡದಲ್ಲೇ ಬಿಸಾಡಬೇಡಿ. ನೀರನ್ನು ಬುಡಕ್ಕೆ ಮಾತ್ರ ಹಾಕಿ, ಗಿಡದ ಮೇಲೆ ಚಿಮುಕಿಸಬೇಡಿ. ಅಕಾಲ ಮಳೆಯ ಮುನ್ಸೂಚನೆ ಇದ್ದರೆ ಕುಂಡವನ್ನು ಸೂರಿನಡಿ ಸರಿಸಿ.

ಎಲೆ ಮುರುಟಿದರೆ ಗಿಡ ಸೊರಗಿ ಕಾಯಿಗೂ ಪೆಟ್ಟು ಬೀಳುತ್ತದೆ. ಎಲೆಯ ಅಂಚು ಮೇಲಕ್ಕೆ, ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ, ಮಗುಚಿಟ್ಟ ಬೋಗುಣಿಯಂತೆ ಬಾಗಿದ್ದರೆ ಮೈಟ್ ನುಸಿ. ಎರಡೂ ಬರಿಗಣ್ಣಿಗೆ ಕಾಣುವುದು ಕಷ್ಟ. ಬಿಳಿ ಹಾಳೆಯ ಮೇಲೆ ಹೂವನ್ನು ತಟ್ಟಿ, ಚುರುಕಾಗಿ ಓಡುವ ಸಣ್ಣ ಕಡ್ಡಿಯಂಥ ಕೀಟ ಬಿದ್ದರೆ ಥ್ರಿಪ್ಸ್. ಆರಂಭದಲ್ಲೇ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ಬೆರೆಯಲು 1 ಮಿ.ಲೀ. ಪಾತ್ರೆ ತೊಳೆಯುವ ಸೋಪಿನ ದ್ರಾವಣ ಸೇರಿಸಿ ಎಲೆಯ ತಳಭಾಗ ನೆನೆಯುವಂತೆ ಸಂಜೆ ಸಿಂಪಡಿಸಿ, ಐದು ದಿನಕ್ಕೊಮ್ಮೆ ಮೂರು ಸಲ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಣ್ಣೆ ಎಲೆಯನ್ನು ಸುಡುತ್ತದೆ. ನೀಲಿ ಅಂಟುಕಾರ್ಡ್ ಒಂದನ್ನು ಗಿಡದ ಎತ್ತರಕ್ಕೆ ತೂಗುಹಾಕಿದರೆ ಥ್ರಿಪ್ಸ್ ಬಂದದ್ದು ಬೇಗ ತಿಳಿಯುತ್ತದೆ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿದ್ದು ಇದೇ ಕುಲದ ಕಪ್ಪು ಥ್ರಿಪ್ಸ್. ಹೂವಿನೊಳಗೆ ಸೇರುವ ಅದನ್ನು ಸಡಿಲು ಬಿಟ್ಟರೆ ಕುಂಡದ ಗಿಡವೂ ಉಳಿಯದು.

ಕಾಯಿ ಒಂದೊಂದಾಗಿ ಅಕಾಲದಲ್ಲಿ ಕೆಂಪಾಗಿ ಉದುರಿದರೆ ಸಂತೋಷಪಡುವ ಮೊದಲು ತೊಟ್ಟಿನ ಬಳಿ ತೂತು ಇದೆಯೇ ನೋಡಿ. ಕಾಯಿಕೊರಕ ಹುಳು ಹೊಕ್ಕ ಕಾಯಿ ದಿನ ತುಂಬುವ ಮೊದಲೇ ಬಣ್ಣ ತಿರುಗುತ್ತದೆ.

ಕೊನೆಗೆ ಹಕ್ಕಿಗಳು. ನಮಗೆ ಉರಿಯುವ ಕ್ಯಾಪ್ಸೈಸಿನ್ ಹಕ್ಕಿಗಳ ನಾಲಿಗೆಗೆ ತಾಗುವುದಿಲ್ಲ. ಪಿಕಳಾರ, ಗಿಳಿಗಳು ಕೆಂಪು ಕಂಡರೆ ಬಿಡುವುದಿಲ್ಲ, ಸೂಜಿಮೆಣಸನ್ನಂತೂ ಮೊದಲು ಮುಗಿಸುತ್ತವೆ. ಮೊದಲ ಕಾಯಿ ಕಿತ್ತಳೆಗೆ ತಿರುಗಿದ ದಿನವೇ ಕಾಯಿಗೊಂಚಲಿಗೆ ಹಳೆಯ ತೆಳು ಬಟ್ಟೆಯ ಚೀಲ ಕಟ್ಟಿ. ಗಿಡಕ್ಕೆಲ್ಲ ಸಡಿಲ ಬಲೆ ಹೊದಿಸಿದರೆ ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ, ಅದನ್ನು ಮಾಡಬೇಡಿ.

ಹಂತ 7: ಬಿಡಿಸುವ ದಿನ

ಬಣ್ಣ ಶುರುವಾದ ಕಾಯಿ 7ರಿಂದ 12 ದಿನದಲ್ಲಿ ಪೂರ್ತಿ ಕೆಂಪಾಗುತ್ತದೆ. ತೊಟ್ಟಿನ ಹಸಿರು ಟೊಪ್ಪಿಗೆಯ ಅಂಚನ್ನು ಸ್ವಲ್ಪ ಎತ್ತಿ ನೋಡಿ, ಅದರ ಕೆಳಗೂ ಕೆಂಪಿದ್ದರೆ ಆಯಿತು. ಅಲ್ಲಿ ಹಸಿರು ಉಳಿದಿದ್ದರೆ ಇನ್ನೂ ಮೂರು ದಿನ.

ರುಬ್ಬಲು ಬೇಕಾದರೆ ಹಣ್ಣು ಬಿಗಿಯಾಗಿ ಹೊಳೆಯುವಾಗಲೇ ಬಿಡಿಸಿ. ಒಣಗಿಸಲು ಬೇಕಾದರೆ ಗಿಡದ ಮೇಲೆಯೇ ಇನ್ನೂ ವಾರ ಬಿಡಿ, ಸಿಪ್ಪೆ ನೆರಿಗೆಗಟ್ಟಲು ಶುರುವಾಗಲಿ. ಬ್ಯಾಡಗಿಯ ಕಡು ಬಣ್ಣ ಪೂರ್ತಿ ಬರುವುದು ಆ ವಾರದಲ್ಲಿ.

ಬೆಳಗಿನ ಇಬ್ಬನಿ ಆರಿದ ಮೇಲೆ ಕತ್ತರಿಯಿಂದ ತೊಟ್ಟಿನ ಸಮೇತ ಕತ್ತರಿಸಿ. ಕೈಯಿಂದ ಎಳೆದರೆ ಮೆಣಸಿನ ಕವಲು ಗಂಟಿನಲ್ಲೇ ಕಿತ್ತುಬರುತ್ತದೆ, ಅದರಲ್ಲಿದ್ದ ಹೀಚುಗಳೆಲ್ಲ ಹೋದಂತೆ. ತೊಟ್ಟು ಕಳಚಿದ ಕಾಯಿಯೊಳಗೆ ತೇವ ಸೇರಿ ಒಣಗುವಾಗ ಬೂಷ್ಟು ಬರುತ್ತದೆ.

ಊರಿಗೆ ಹೊರಡುವ ಅನಿವಾರ್ಯವಿದ್ದರೆ, ಮಳೆ ಬರುವಂತಿದ್ದರೆ, ದೋರೆಗಾಯಿಗಳನ್ನು ಬಿಡಿಸಬಹುದು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಣ್ಣ ತಿರುಗಿದ್ದು ಮನೆಯೊಳಗೆ, ಗಾಳಿಯಾಡುವ ಬುಟ್ಟಿಯಲ್ಲಿ ಒಂದೇ ಪದರವಾಗಿ ಹರಡಿಟ್ಟರೆ ಐದಾರು ದಿನದಲ್ಲಿ ಕೆಂಪಾಗುತ್ತದೆ. ಸಿಹಿ ಮಾತ್ರ ಗಿಡದಲ್ಲಿ ಮಾಗಿದಷ್ಟು ಇರದು. ಹೊರದೇಶದ ಚಳಿ ಊರುಗಳಲ್ಲಿ ಬ್ಯಾಡಗಿ ಬೆಳೆಯುವ ಕನ್ನಡಿಗರು ರಾತ್ರಿ 10 ಡಿಗ್ರಿಗೆ ಇಳಿಯುವ ಮೊದಲೇ ಕುಂಡವನ್ನು ದಕ್ಷಿಣದ ಕಿಟಕಿಯ ಬಳಿ ಒಳಗೆ ತನ್ನಿ. ನೆಲದಲ್ಲಿ ನೆಟ್ಟಿದ್ದರೆ, ಹಿಮ ಬೀಳುವ ಮುನ್ನ ಗಿಡವನ್ನು ಬೇರುಸಹಿತ ಕಿತ್ತು ಮಣ್ಣು ಒದರಿ, ಮನೆಯೊಳಗೆ ತಲೆಕೆಳಗಾಗಿ ತೂಗುಹಾಕಿ. ಬಲಿತ ಕಾಯಿಗಳಲ್ಲಿ ಬಹಳಷ್ಟು ಬಣ್ಣ ತಿರುಗುತ್ತವೆ.

ಕೈ ಉರಿ ಬಂದರೆ ನೀರಿನಿಂದ ಹೋಗದು, ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮೊದಲು ಅಡುಗೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪಿನಿಂದ ತೊಳೆಯಿರಿ. ಸೀಳುವ ಕೆಲಸ ಹೆಚ್ಚಿದ್ದರೆ ಕೈಗವಸು ಹಾಕಿಕೊಳ್ಳಿ.

ಹಂತ 8: ಹಣ್ಣು ಕೈಗೆ ಬಂದ ಮೇಲೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಣ್ಣು ಮೆಣಸಿನಕಾಯಿ ಅಂದರೆ ಮೊದಲು ನೆನಪಾಗುವುದು ರಂಜಕ ಎಂಬ ಖಾರದ ಚಟ್ನಿ. 250 ಗ್ರಾಂ ಹಣ್ಣನ್ನು ಒರೆಸಿ, ನೀರಿನ ಪಸೆ ಪೂರ್ತಿ ಆರಿದ ಮೇಲೆ ತೊಟ್ಟು ತೆಗೆದು, 15 ಎಸಳು ಬೆಳ್ಳುಳ್ಳಿ, 30 ಗ್ರಾಂ ಕಲ್ಲುಪ್ಪು, ಹುರಿದ ಅರ್ಧ ಚಮಚ ಮೆಂತ್ಯ, ಎರಡು ನಿಂಬೆಯ ರಸ ಸೇರಿಸಿ ತರಿತರಿಯಾಗಿ ರುಬ್ಬಿ. ನೀರು ಒಂದು ಹನಿಯೂ ಸೋಕಬಾರದು. ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಬಿಸಿ ರೊಟ್ಟಿಯ ಜೊತೆ ಇದಕ್ಕೆ ಎಣ್ಣೆ ಅಥವಾ ಬೆಣ್ಣೆ.

ಒಣಗಿಸುವವರು ಬಿಳಿ ಬಟ್ಟೆ ಅಥವಾ ಚಾಪೆಯ ಮೇಲೆ ಒಂದೇ ಪದರವಾಗಿ ಹರಡಿ, ದಿನಕ್ಕೆರಡು ಸಲ ಮಗುಚಿ. ಬರಿ ಸಿಮೆಂಟು, ಮಣ್ಣಿನ ಮೇಲೆ ಬೇಡ. ಸಂಜೆ ಇಬ್ಬನಿಗೆ ಮೊದಲು ಒಳಗೆ ತನ್ನಿ. 10ರಿಂದ 15 ದಿನದ ಒಳ್ಳೆಯ ಬಿಸಿಲು ಬೇಕು. ಕಿವಿಯ ಬಳಿ ಅಲ್ಲಾಡಿಸಿದರೆ ಬೀಜ ಗಿಲಕಿಯಂತೆ ಸದ್ದು ಮಾಡಬೇಕು, ಸಿಪ್ಪೆ ಬಾಗಬೇಕು, ಪುಡಿಯಾಗಬಾರದು. ಒಂದು ಕಿಲೋ ಹಣ್ಣಿಗೆ 250–300 ಗ್ರಾಂ ಒಣ ಕಾಯಿ ಸಿಗುತ್ತದೆ. ಒಳಗೆ ಬೂದು ಬೂಷ್ಟು ಕಂಡ ಕಾಯಿಯನ್ನು ಉಳಿಸಿಕೊಳ್ಳಬೇಡಿ, ಅಫ್ಲಟಾಕ್ಸಿನ್ ಎಂಬ ವಿಷ ಬೂಷ್ಟಿನಿಂದ ಬರಬಹುದು, ಹುರಿದರೂ ಪೂರ್ತಿ ಹೋಗದು.

ಬೀಜಕ್ಕೆ, ನೀವು ಮೊದಲು ದಾರ ಕಟ್ಟಿದ ಕಾಯಿಗಳಲ್ಲಿ ಚೆನ್ನಾಗಿ ಹಣ್ಣಾದ ಎರಡನ್ನು ಆರಿಸಿ. ಹಸಿರು ಕಾಯಿಯ ಬೀಜ ಸರಿಯಾಗಿ ಮೊಳೆಯದು. ಬಿಡಿಸಿ ನೆರಳಿನಲ್ಲಿ ವಾರ ಇಟ್ಟು, ಬೀಜ ಬೇರ್ಪಡಿಸಿ ಮತ್ತೆ ವಾರ ನೆರಳಿನಲ್ಲೇ ಆರಿಸಿ. ಕಾಗದದ ಪೊಟ್ಟಣದ ಮೇಲೆ ತಳಿ, ತಿಂಗಳು, ವರ್ಷ ಬರೆದು ತಂಪು ಜಾಗದಲ್ಲಿಡಿ, ಎರಡು ಮೂರು ವರ್ಷ ಮೊಳೆಯುತ್ತದೆ. ಹೈಬ್ರಿಡ್ ಬೀಜದಿಂದ ಬಂದ ಗಿಡವಾದರೆ ಮುಂದಿನ ಪೀಳಿಗೆ ತಾಯಿಯಂತೆ ಇರುವುದಿಲ್ಲ. ಹೈಬ್ರಿಡ್ ಅಲ್ಲದ ಅರ್ಕಾ ಲೋಹಿತ್, ಪೂಸಾ ಜ್ವಾಲಾ, ನಾಟಿ ಬ್ಯಾಡಗಿಗಳ ಬೀಜ ಇಟ್ಟುಕೊಳ್ಳಬಹುದು. ಪಕ್ಕದಲ್ಲೇ ಬೇರೆ ತಳಿ ಹೂ ಬಿಟ್ಟಿದ್ದರೆ ಜೇನುನೊಣಗಳಿಂದ ಬೆರಕೆಯಾಗುತ್ತದೆ. ಅದನ್ನು ತಪ್ಪಿಸಲು ಬೀಜಕ್ಕೆ ಬಿಡುವ ಕವಲಿಗೆ ಮೊಗ್ಗಿರುವಾಗಲೇ ತೆಳು ಬಟ್ಟೆಯ ಚೀಲ ಕಟ್ಟಿ, ಹೀಚು ಕಂಡ ಮೇಲೆ ಚೀಲ ಬಿಚ್ಚಿ ದಾರ ಕಟ್ಟಿ.

ಕೆಂಪು ಬಿಡಿಸಿ ಮುಗಿದ ಗಿಡವನ್ನು ಕೀಳಬೇಡಿ. ಒಣಗಿದ ಕಡ್ಡಿ ಸವರಿ, ಎರಡು ಹಿಡಿ ಎರೆಗೊಬ್ಬರ ಕೊಟ್ಟರೆ ಮೂರು ನಾಲ್ಕು ವಾರದಲ್ಲಿ ಮತ್ತೆ ಹೂವಿಗೆ ಬರುತ್ತದೆ. ಸಾರಜನಕದ ಗೊಬ್ಬರ ಕೊಡಬಹುದಾದ ಹೊತ್ತು ಇದು.